ಯೆಹೋಷಾಫಾಟನ ಪ್ರಶ್ನೆ: ಶ್ರೀಲಂಕಾದ ಅಂತರರಾಷ್ಟ್ರೀಯ ಸಲಹಾ ಮಂಡಳಿಗಳ ಕುರಿತು ಒಂದು ವಿಮರ್ಶೆ

2006ರ ನವೆಂಬರ್ ತಿಂಗಳಲ್ಲಿ ಶ್ರೀಲಂಕಾದ ಅಂದಿನ ರಾಷ್ಟ್ರಾಧ್ಯಕ್ಷ ಮಹಿಂದ ರಾಜಪಕ್ಸ ಅವರು ಮಾನವ ಹಕ್ಕುಗಳ ಘೋರ ಉಲ್ಲಂಘನೆಗಳ ವಿಚಾರಣೆಗೆಂದು ನ್ಯಾಯಮೂರ್ತಿ ನಿಸ್ಸಂಕ ಉದಲಾಗಮ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿದರು. ಆಯೋಗಕ್ಕೆ ಒಪ್ಪಿಸಲಾದ ಪಟ್ಟಿಯಲ್ಲಿ 16 ಪ್ರಕರಣಗಳಿದ್ದವು. ಸರ್ಕಾರಿ ಪಡೆಗಳ ಮೇಲೆ ಆಪಾದನೆ ಬಂದವೂ ಅದರಲ್ಲಿದ್ದವು, ತಮಿಳು ಹುಲಿಗಳ ಮೇಲೆ ಬಂದವೂ ಇದ್ದವು: ತ್ರಿಂಕೋಮಲಿಯಲ್ಲಿ ಐವರು ಯುವಕರ ಹತ್ಯೆ, ಮೂತೂರಿನಲ್ಲಿ ಫ್ರೆಂಚ್ ಪರಿಹಾರ ಸಂಸ್ಥೆಯೊಂದರ 17 ಮಂದಿ ಕಾರ್ಯಕರ್ತರ ಹತ್ಯೆ, ಕೆಬಿತಿಗೊಲ್ಲೇವದಲ್ಲಿ ಬಸ್ಸಿನಲ್ಲಿ ಸಾಗುತ್ತಿದ್ದ 60ಕ್ಕೂ ಹೆಚ್ಚು ಮಂದಿಯ ಸಾವು. ಗುರುಗಳಾದವರು ಆ ಪಟ್ಟಿಯನ್ನು ಓದುವಾಗ ಮೂರು ಕಡೆ ತಡೆದು ನಿಲ್ಲುತ್ತಾರೆ. 2005ರ ಕ್ರಿಸ್ತಜಯಂತಿಯ ಬಲಿಪೂಜೆಯ ವೇಳೆ ಬಟ್ಟಿಕಲೋವಾದ ಪ್ರಧಾನಾಲಯದೊಳಗೇ ಗುಂಡೇಟಿಗೆ ಬಲಿಯಾದ ಸಂಸತ್ ಸದಸ್ಯ ಜೋಸೆಫ್ ಪರರಾಜಸಿಂಗಂ. 2006ರ ಜೂನ್‌ನಲ್ಲಿ ಜನರು ಆಶ್ರಯ ಪಡೆದಿದ್ದ ಪೇಸಾಲೈ ದೇವಾಲಯದ ಮೇಲೆ ನಡೆದ ದಾಳಿ. ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲೈಪಿಟ್ಟಿಯ ಸಂತ ಫಿಲಿಪ್ ನೇರಿ ದೇವಾಲಯದ ಗುರು ನಿಹಾಲ್ ಜಿಮ್ ಬ್ರೌನ್ ಅವರು ಕಾಣೆಯಾದದ್ದು.

ನಮ್ಮ ಕೆನರಾ ಪ್ರಾಂತ್ಯದಲ್ಲಿ ದುಡಿದು, ಅನಂತರ 1687ರಲ್ಲಿ ವೇಷ ಮರೆಸಿಕೊಂಡು ಜಾಫ್ನಾ ತಲುಪಿದ ಸಂತ ಜೋಸೆಫ್ ವಾಜ್ ಅವರೂ ಫಿಲಿಪ್ ನೇರಿಯವರ ಓರೇಟರಿ ಪರಂಪರೆಯವರೇ. ಲಂಕೆಯ ಉತ್ತರ ತೀರದ ಧರ್ಮಸಭೆಯ ಗೋಳು ನಮಗೆ ಪರರ ಮನೆಯ ಸುದ್ದಿಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಈ ಆಯೋಗದ ಜೊತೆಜೊತೆಗೇ ಇನ್ನೊಂದು ಮಂಡಳಿ ಹುಟ್ಟಿತು. ಆಯೋಗದ ಕಾರ್ಯವು ಅಂತರರಾಷ್ಟ್ರೀಯ ಮಾನದಂಡಗಳಿಗೆ ಅನುಗುಣವಾಗಿ ಸಾಗುತ್ತಿದೆಯೇ ಎಂದು ನೋಡುವುದಕ್ಕೂ ಸಲಹೆ ನೀಡುವುದಕ್ಕೂ ರಾಷ್ಟ್ರಾಧ್ಯಕ್ಷರೇ ಆಹ್ವಾನಿಸಿದ ‘ಗಣ್ಯ ವ್ಯಕ್ತಿಗಳ ಅಂತರರಾಷ್ಟ್ರೀಯ ಸ್ವತಂತ್ರ ತಂಡ’ ಅದು. ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ ಅಧ್ಯಕ್ಷರು. ಬ್ರಿಟನ್ನಿನ ನೈಜೆಲ್ ರಾಡ್ಲಿ, ಬಾಂಗ್ಲಾದೇಶದ ಕಮಾಲ್ ಹೊಸೇನ್, ಇಂಡೊನೇಷ್ಯಾದ ಮರ್ಜುಕಿ ದಾರುಸ್ಮಾನ್ ಮೊದಲಾದವರು ಸದಸ್ಯರು. 2007ರ ಫೆಬ್ರವರಿಯಲ್ಲಿ ಕೆಲಸ ಆರಂಭಿಸಿದ ಈ ತಂಡ 2008ರ ಏಪ್ರಿಲ್‌ನಲ್ಲಿ ತಾನಾಗಿಯೇ ಕೆಲಸ ನಿಲ್ಲಿಸಿ ಹೊರನಡೆಯಿತು. ಇದರ ಬಳಿಕ ಇನ್ನೆರಡು ಮಂಡಳಿಗಳು ಬಂದವು. ಒಂದು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕೀ-ಮೂನ್ ಅವರು 2010ರ ಜೂನ್‌ನಲ್ಲಿ ತಮಗೆ ಸಲಹೆ ನೀಡಲೆಂದು ನೇಮಿಸಿಕೊಂಡ ಮೂವರ ತಜ್ಞ ಸಮಿತಿ. ಇನ್ನೊಂದು, 2014ರಲ್ಲಿ ಮ್ಯಾಕ್ಸ್‌ವೆಲ್ ಪರಣಗಮ ಆಯೋಗಕ್ಕೆ ನೆರವಾಗಲೆಂದು ಶ್ರೀಲಂಕಾ ಸರ್ಕಾರವೇ ಕರೆಸಿಕೊಂಡ ವಿದೇಶೀ ನ್ಯಾಯವಾದಿಗಳ ಸಲಹಾ ಪರಿಷತ್ತು. ಈ ಮೂರೂ ಮಂಡಳಿಗಳು ನೀಡಿದ ಹೇಳಿಕೆ ವರದಿಗಳನ್ನು ದೈವಶಾಸ್ತ್ರದ ಬೆಳಕಿನಲ್ಲಿ ಓದಿ, ‘ಸಲಹೆ’ ಎಂಬ ಕ್ರಿಯೆ ನೊಂದವರ ಪಾಲಿಗೆ ಏನಾಗಿ ಪರಿಣಮಿಸುತ್ತದೆ ಎಂದು ಕೇಳಿಕೊಳ್ಳುವುದು ನಮ್ಮ ಉದ್ದೇಶ.

ಮೊದಲನೆಯ ತಂಡದ ಹೇಳಿಕೆಗಳ ಭಾಷೆ ಸಂಯಮದ್ದು, ಕೆಲವೊಮ್ಮೆ ಬೇಸರ ಹುಟ್ಟಿಸುವಷ್ಟು ಸಂಯಮದ್ದು. ಒಂದೇ ಆಕ್ಷೇಪ ಮತ್ತೆ ಮತ್ತೆ ಬರುತ್ತದೆ. ಅಟಾರ್ನಿ ಜನರಲ್ ಇಲಾಖೆ ಮೂಲ ಪೊಲೀಸ್ ತನಿಖೆಗಳಿಗೆ ಸಲಹೆ ಕೊಟ್ಟ ಇಲಾಖೆ; ಅದೇ ಇಲಾಖೆಯ ವಕೀಲರು ಆಯೋಗದ ಮುಂದೆ ಸಾಕ್ಷ್ಯ ಮಂಡಿಸುವವರಾದರೆ, ತನಿಖೆಯ ಲೋಪವನ್ನು ಯಾರು ಯಾರಿಗೆ ತೋರಿಸಬೇಕು? ಸಾಕ್ಷಿಗಳಿಗೆ ರಕ್ಷಣೆಯಿಲ್ಲ, ಆಯೋಗಕ್ಕೆ ತನ್ನದೇ ಹಣಕಾಸಿಲ್ಲ, ಸರ್ಕಾರದ ಅಂಗಗಳು ಕೇಳಿದ್ದನ್ನು ಒದಗಿಸುವುದಿಲ್ಲ. 2007ರ ಜೂನ್‌ನಲ್ಲಿ ಹೇಳಿದ್ದನ್ನೇ ತಂಡವು 2008ರ ಮಾರ್ಚ್‌ನಲ್ಲೂ ಹೇಳಿತು. ಕೊನೆಗೆ, ಸತ್ಯವನ್ನು ಕಂಡುಕೊಳ್ಳುವ ಇಚ್ಛೆಯೇ ಸರ್ಕಾರಕ್ಕಿಲ್ಲವೆಂಬ ತೀರ್ಮಾನಕ್ಕೆ ಬಂದು ನಿರ್ಗಮಿಸಿತು. ಸಾಕ್ಷಿಗಳ ರಕ್ಷಣೆಗೆ ಶ್ರೀಲಂಕಾದಲ್ಲಿ ಕಾಯಿದೆಯಾದದ್ದು 2015ರಲ್ಲಿ. ಅಷ್ಟರೊಳಗೆ ಪ್ರಾಣಭಯದಿಂದ ದೇಶ ಬಿಟ್ಟವರು ಬಿಟ್ಟಿದ್ದರು, ಉಳಿದವರು ಮೌನ ತಾಳಿದ್ದರು. ತ್ರಿಂಕೋಮಲಿಯ ಪ್ರಕರಣದಲ್ಲಿ ಆಪಾದಿತರಾಗಿದ್ದ 13 ಮಂದಿ ಸಿಬ್ಬಂದಿಯನ್ನು ಸಾಕ್ಷ್ಯಾಭಾವದ ಕಾರಣ 2019ರಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಬಿಡುಗಡೆ ಮಾಡಿತು. ಸಂಯಮದ ಭಾಷೆಯ ಆ ಆಕ್ಷೇಪಗಳು ಎಷ್ಟು ನಿಖರವಾಗಿದ್ದವೆಂಬುದು ಈಗ ಹಿಂದಿರುಗಿ ನೋಡಿದಾಗ ತಿಳಿಯುತ್ತದೆ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಭಗವತಿಯವರು ನಮ್ಮ ದೇಶದಲ್ಲಿ ನ್ಯಾಯಾಲಯದ ಬಾಗಿಲನ್ನು ಬಡವರಿಗೆ ತೆರೆದವರಲ್ಲಿ ಪ್ರಮುಖರು. ಫರಿದಾಬಾದಿನ ಕಲ್ಲುಗಣಿಗಳ ಜೀತದಾಳುಗಳ ಬಗ್ಗೆ ಬಂದ ಒಂದು ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯ ಅರ್ಜಿಯೆಂದು ಪರಿಗಣಿಸಿದ ಪ್ರಕರಣದಲ್ಲಿ 1983ರಲ್ಲಿ ತೀರ್ಪಿತ್ತ ಪೀಠದ ಹಿರಿಯರು ಅವರೇ. ನೊಂದವನ ಒಂದು ಹಾಳೆ ಕಾಗದಕ್ಕೆ ಕಿವಿಗೊಡಬಲ್ಲ ನ್ಯಾಯಮೂರ್ತಿ ಕೊಲಂಬೊದಲ್ಲಿ ಕುಳಿತದ್ದು ಎಂಥ ಕುರ್ಚಿಯಲ್ಲಿ? ಸ್ವತಃ ತನಿಖೆ ನಡೆಸುವ ಅಧಿಕಾರವಿಲ್ಲದ, ಬೇರೆಯವರು ಕೇಳುವುದನ್ನು ಪಕ್ಕದಲ್ಲಿ ಕುಳಿತು ನೋಡುವ ಕುರ್ಚಿಯಲ್ಲಿ. ವ್ಯಕ್ತಿಗಳ ಗಣ್ಯತೆಯಿಂದ ಮಂಡಳಿಗೆ ಗಣ್ಯತೆ ಬರುತ್ತದೆಂಬ ನಂಬಿಕೆಯನ್ನು ಈ ಒಂದು ಉದಾಹರಣೆಯೇ ಅಲುಗಿಸುತ್ತದೆ. ತಂಡದ ಬಗ್ಗೆ ನಮ್ಮ ಆಕ್ಷೇಪವೂ ಒಂದಿದೆ: 2007ರ ಜೂನ್‌ನಲ್ಲೇ ಕಂಡ ರೋಗಕ್ಕೆ ಇನ್ನೂ ಹತ್ತು ತಿಂಗಳು ಹೆಸರು ಕೊಡುತ್ತಾ ಕುಳಿತದ್ದೇಕೆ? ಅಷ್ಟು ದಿನವೂ ಅವರ ಹೆಸರುಗಳು ನೇಮಿಸಿದವರಿಗೆ ಅಲಂಕಾರವಾಗಿ ಒದಗಿದವು. ಆದರೂ ಅವರು ಬಿಟ್ಟುಹೋದ ಬರಹಗಳಲ್ಲಿ ಅತ್ಯಂತ ಫಲಕಾರಿಯಾದದ್ದು ನಿರ್ಗಮನದ ಹೇಳಿಕೆಯೇ ಎಂದು ನಮಗನಿಸುತ್ತದೆ. ಕದ ತೆರೆದು ಹೊರಗೆ ಬಂದು, ಯಾಕೆ ಬಂದೆವೆಂದು ಬೀದಿಯಲ್ಲಿ ನಿಂತು ಹೇಳಿದರು.

ಈ ಮಾತು ಬರೆಯುವಾಗ ನಮ್ಮದೇ ಒಂದು ನೆನಪು ಅಡ್ಡ ಬರುತ್ತದೆ. ನಾವೂ ಹಿಂದೊಮ್ಮೆ ಒಂದು ಸಲಹಾ ಸಮಿತಿಯ ಸದಸ್ಯರಾಗಿದ್ದೆವು. ಎಲ್ಲಿಯದು, ಯಾರು ನೇಮಿಸಿದ್ದು ಎಂಬುದು ಇಲ್ಲಿ ಬೇಡ. ಒಂದು ಕುಟುಂಬ ಕೊಟ್ಟ ದೂರಿನ ಬಗ್ಗೆ ಏನು ಮಾಡಬೇಕೆಂದು ಸಲಹೆ ನೀಡುವುದು ಸಮಿತಿಯ ಕೆಲಸ. ಆರು ಬಾರಿ ಸಭೆ ಸೇರಿದೆವು. ಆ ಕುಟುಂಬವನ್ನು ಒಮ್ಮೆಯೂ ಕರೆಸಲಿಲ್ಲ. ಕರೆಸೋಣವೆಂದು ನಾವೂ ಹೇಳಲಿಲ್ಲ. ವರದಿ ಒಪ್ಪಿಸಿದ ದಿನ ನಮಗೆಲ್ಲ ಶಾಲು ಹೊದಿಸಿ ಫಲತಾಂಬೂಲ ಕೊಟ್ಟರು. ವರದಿ ಎಲ್ಲಿ ಹೋಯಿತೆಂದು ಕೇಳುವ ಧೈರ್ಯ ಶಾಲು ಹೊದ್ದವರಲ್ಲಿ ಯಾರಿಗೂ ಬರಲಿಲ್ಲ. ಕೊಲಂಬೊದ ತಂಡದ ಹತ್ತು ತಿಂಗಳ ವಿಳಂಬವನ್ನು ನಾವು ಎತ್ತಿ ಆಡುವಾಗ ಓದುಗರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅರಸುಗಳು ಮೊದಲನೆಯ ಗ್ರಂಥದ 22ನೆಯ ಅಧ್ಯಾಯ ನಮ್ಮ ಪ್ರವಚನಪೀಠಗಳಲ್ಲಿ ಅಪರೂಪ. ಇಸ್ರಯೇಲಿನ ಅರಸ ಅಹಾಬ ರಾಮೋತ್ ಗಿಲ್ಯಾದಿನ ಮೇಲೆ ಯುದ್ಧಕ್ಕೆ ಹೊರಡುವ ಮುನ್ನ ಸುಮಾರು 400 ಪ್ರವಾದಿಗಳನ್ನು ಕೂಡಿಸಿ ಸಲಹೆ ಕೇಳುತ್ತಾನೆ. ನಾನೂರು ಬಾಯಿಗಳೂ ಹೋಗೆನ್ನುತ್ತವೆ. ಆಗ ಪಕ್ಕದಲ್ಲಿ ಕುಳಿತಿದ್ದ ಯೂದಾಯದ ಅರಸ ಯೆಹೋಷಾಫಾಟ, ಇವರನ್ನು ಬಿಟ್ಟು ಬೇರೆ ಯಾರೂ ಇಲ್ಲವೇ ಎಂದು ಕೇಳುತ್ತಾನೆ. ಇದ್ದಾನೆ ಒಬ್ಬ, ಇಮ್ಲನ ಮಗ ಮೀಕಾಯೆಹು. ಆದರೆ ಅವನನ್ನು ಕಂಡರೆ ನನಗಾಗದು, ಅವನು ನನಗೆ ಒಳ್ಳೆಯದನ್ನೇ ನುಡಿಯುವುದಿಲ್ಲ ಎಂಬುದು ಅಹಾಬನ ಉತ್ತರ. ವ್ಯಾಖ್ಯಾನಕಾರರು ಸಾಮಾನ್ಯವಾಗಿ ನಿಜಪ್ರವಾದಿ ಮತ್ತು ಸುಳ್ಳುಪ್ರವಾದಿಗಳ ಭೇದವನ್ನು ಇಲ್ಲಿ ಕಾಣುತ್ತಾರೆ. ನಮ್ಮ ಕಣ್ಣು ಯೆಹೋಷಾಫಾಟನ ಮೇಲೆ ನಿಲ್ಲುತ್ತದೆ. ಅವನು ಹೊರಗಿನವನು, ಪರರಾಜ್ಯದ ಅರಸ, ಅತಿಥಿ. ಆಸ್ಥಾನದ ಲೆಕ್ಕದಲ್ಲಿಲ್ಲದ ಒಂದು ದನಿಯನ್ನು ಒಳಗೆ ಕರೆಸಿದ್ದು ಅವನ ಪ್ರಶ್ನೆ. ಅಂತರರಾಷ್ಟ್ರೀಯ ಸಲಹಾ ಮಂಡಳಿಗೆ ಧರ್ಮಗ್ರಂಥದಲ್ಲಿ ಸಮರ್ಥನೆ ಬೇಕೆಂದರೆ ಆ ಪ್ರಶ್ನೆಗಿಂತ ಮೇಲಾದದ್ದನ್ನು ನಾವು ಕಾಣೆವು.

ಆದರೆ ಅಧ್ಯಾಯ ಅಲ್ಲಿಗೆ ನಿಲ್ಲುವುದಿಲ್ಲ. ಮೀಕಾಯೆಹು ಬಂದು ಸತ್ಯ ನುಡಿಯುತ್ತಾನೆ, ಕೆನ್ನೆಗೆ ಪೆಟ್ಟು ತಿನ್ನುತ್ತಾನೆ, ಸೆರೆಮನೆಗೆ ಹೋಗುತ್ತಾನೆ. ಪ್ರಶ್ನೆ ಕೇಳಿದ ಯೆಹೋಷಾಫಾಟ ಈ ಎಲ್ಲವನ್ನೂ ಕಣ್ಣಾರೆ ಕಂಡು ಒಂದು ಮಾತೂ ಆಡುವುದಿಲ್ಲ. ಅಹಾಬನ ಜೊತೆಗೇ ಯುದ್ಧಕ್ಕೆ ಹೊರಡುತ್ತಾನೆ, ರಾಜವಸ್ತ್ರ ತೊಟ್ಟು.

2010ರ ತಜ್ಞ ಸಮಿತಿಯ ವರದಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ದಾರುಸ್ಮಾನ್ ಅಧ್ಯಕ್ಷರು, ಮೊದಲ ತಂಡದಲ್ಲಿದ್ದ ಅವರಿಗೆ ಹೊಸ್ತಿಲಾಚೆಯಿಂದ ನೋಡುವ ಅನುಭವ ಆಗಲೇ ಇತ್ತು. ದಕ್ಷಿಣ ಆಫ್ರಿಕಾದ ಯಾಸ್ಮಿನ್ ಸೂಕಾ, ಅಮೆರಿಕದ ಸ್ಟೀವನ್ ರಾಟ್ನರ್ ಇತರ ಇಬ್ಬರು. ಸಮಿತಿಗೆ ಶ್ರೀಲಂಕಾದಲ್ಲಿ ತನಿಖೆ ನಡೆಸಲು ಅವಕಾಶ ಸಿಗಲಿಲ್ಲ. ಅದರ ನೇಮಕವನ್ನು ವಿರೋಧಿಸಿ ಸಚಿವರೊಬ್ಬರು ಕೊಲಂಬೊದ ವಿಶ್ವಸಂಸ್ಥೆ ಕಚೇರಿಯೆದುರು ಉಪವಾಸವನ್ನೂ ಕುಳಿತರು. 2011ರ ಏಪ್ರಿಲ್ 25ರಂದು ವರದಿ ಪ್ರಕಟವಾಯಿತು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಸೇನೆಯು ತಾನೇ ಘೋಷಿಸಿದ ದಾಳಿರಹಿತ ವಲಯಗಳ ಮೇಲೆ, ಆಸ್ಪತ್ರೆಗಳ ಮೇಲೆ ಷೆಲ್ ಸುರಿಸಿತೆಂಬ ಆಪಾದನೆ, ಹುಲಿಗಳು ಜನರನ್ನು ಗುರಾಣಿಯಾಗಿ ಹಿಡಿದಿಟ್ಟು, ಮಕ್ಕಳನ್ನು ಬಲವಂತವಾಗಿ ಸೇರಿಸಿಕೊಂಡು, ತಪ್ಪಿಸಿಕೊಳ್ಳಹೊರಟವರನ್ನು ಕೊಂದರೆಂಬ ಆಪಾದನೆ, ಎರಡೂ ನಂಬಲರ್ಹವೆಂದು ಅದು ಹೇಳಿತು. ಅತಿ ಹೆಚ್ಚು ಚರ್ಚೆಯಾದದ್ದು 40,000 ಎಂಬ ಸಂಖ್ಯೆ. ವರದಿಯ ಮಾತು ನಿಜವಾಗಿ ಎಚ್ಚರಿಕೆಯದು: ನಾಗರಿಕರ ಸಾವು ಅಷ್ಟರವರೆಗೂ ಮುಟ್ಟಿರಬಹುದೆಂಬ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಅಷ್ಟೇ. ಪರರು ಅದನ್ನು ಎಣಿಕೆಯೆಂದು ಉದ್ಧರಿಸಿದರು, ವಿರೋಧಿಗಳು ಎಣಿಕೆಯೆಂದು ಖಂಡಿಸಿದರು. ಸಂಖ್ಯೆಯ ಜಗಳದಲ್ಲಿ ಷೆಲ್ ಬಿದ್ದ ಆಸ್ಪತ್ರೆಯ ಮಾತು ಹಿಂದೆ ಸರಿಯಿತು.

ನಮಗೆ ಈ ವರದಿಯಲ್ಲಿ ಹಿಡಿಸಿದ ಭಾಗ ಬೇರೆ. ಸಲಹೆ ಕೇಳಿದವರು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ. ಸಲಹೆಗಾರರು ಅವರಿಗೇ, ನಿಮ್ಮ ಸಂಸ್ಥೆಯು ಈ ಯುದ್ಧದಲ್ಲಿ ಹೇಗೆ ನಡೆದುಕೊಂಡಿತೆಂಬುದನ್ನೂ ಪರಿಶೀಲಿಸಿ ಎಂದು ಹೇಳಿದರು. ನಾತಾನನು ದಾವೀದನಿಗೆ ಬಡವನ ಹೆಣ್ಣುಕುರಿಮರಿಯ ಕಥೆ ಹೇಳಿ ಬೆರಳನ್ನು ಅರಸನತ್ತಲೇ ತಿರುಗಿಸಿದ ರೀತಿ ಇದು. ಅದರ ಫಲವಾಗಿ ಚಾರ್ಲ್ಸ್ ಪೆಟ್ರಿ ನೇತೃತ್ವದ ಆಂತರಿಕ ಪರಿಶೀಲನೆ ನಡೆದು, 2012ರ ನವೆಂಬರ್‌ನಲ್ಲಿ ಆ ವರದಿ ಹೊರಬಂತು. ವಿಶ್ವಸಂಸ್ಥೆಯ ವ್ಯವಸ್ಥೆಯೇ ಶ್ರೀಲಂಕಾದಲ್ಲಿ ಸೋತಿತೆಂದು ಅದು ಒಪ್ಪಿಕೊಂಡಿತು. 2008ರ ಸೆಪ್ಟೆಂಬರ್‌ನಲ್ಲಿ ಕಿಳಿನೊಚ್ಚಿಯ ಜನ ಕಚೇರಿಯ ಬಾಗಿಲಲ್ಲಿ ನಿಂತು ಹೋಗಬೇಡಿರೆಂದು ಬೇಡುತ್ತಿರುವಾಗಲೇ ವಿಶ್ವಸಂಸ್ಥೆಯ ವಿದೇಶೀ ಸಿಬ್ಬಂದಿ ಅಲ್ಲಿಂದ ಹೊರಟಿತ್ತು. ರಾಜವಸ್ತ್ರ ತೊಟ್ಟ ಯೆಹೋಷಾಫಾಟನ ಬಗ್ಗೆ ಯೆಹೋಷಾಫಾಟನೇ ಬರೆಸಿದ ಟಿಪ್ಪಣಿಯಂತೆ ಆ ವರದಿಯನ್ನು ಓದಬಹುದು.

2014ರ ಸಲಹಾ ಪರಿಷತ್ತಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಡೆಸ್ಮಂಡ್ ಡಿ ಸಿಲ್ವ, ಜೆಫ್ರಿ ನೈಸ್, ಡೇವಿಡ್ ಕ್ರೇನ್, ಮೂವರೂ ಯುದ್ಧಾಪರಾಧಗಳ ಕಾನೂನಿನಲ್ಲಿ ಹೆಸರಾದವರು. ಪರಣಗಮ ಆಯೋಗವು 2015ರಲ್ಲಿ ಹೊರಬಿದ್ದ ತನ್ನ ಎರಡನೆಯ ವರದಿಯಲ್ಲಿ 40,000ದ ಸಂಖ್ಯೆಯನ್ನು ಒಪ್ಪಲಿಲ್ಲ. ಆದರೂ ಕೆಲವು ಆಪಾದನೆಗಳಿಗೆ ನ್ಯಾಯಾಧೀಶರ ನೇತೃತ್ವದ ತನಿಖೆ ಅಗತ್ಯವೆಂದಿತು. ಆಸ್ಥಾನವೇ ಕರೆಸಿದ ಮಂಡಳಿಯ ನೆರವಿನಿಂದ ಬಂದ ಈ ಕೊನೆಯ ಮಾತಿಗೆ ಬೆಲೆಯಿದೆ. ಉದಲಾಗಮ ಆಯೋಗದ ವರದಿ ಸಂಸತ್ತಿನ ಮುಂದೆ ಬಂದದ್ದೂ ಅದೇ 2015ರ ಅಕ್ಟೋಬರ್‌ನಲ್ಲಿ, ಆಯೋಗದ ಅವಧಿ ಮುಗಿದು ಆರು ವರ್ಷಗಳ ಮೇಲೆ. 16 ಪ್ರಕರಣಗಳಲ್ಲಿ ಅರ್ಧದಷ್ಟರ ವಿಚಾರಣೆಯೂ ಪೂರ್ಣಗೊಂಡಿರಲಿಲ್ಲ.

ಈ ಮಂಡಳಿಗಳಿಗೆ ಶ್ರೀಲಂಕಾದಲ್ಲಿ ಎದುರಾದ ವಿರೋಧವನ್ನು ಬರಿಯ ಕುಯುಕ್ತಿಯೆಂದು ತಳ್ಳಿಹಾಕುವುದು ಸರಿಯಾಗದು. 2003ರಲ್ಲಿ ಇರಾಕಿನ ಮೇಲೆ ಯುದ್ಧ ಸಾರಿದ ರಾಷ್ಟ್ರಗಳ ರಾಜಧಾನಿಗೆ ಯಾವ ಗಣ್ಯರ ತಂಡ ಹೋಯಿತು ಎಂಬ ಕೊಲಂಬೊದ ಪ್ರಶ್ನೆಗೆ ನ್ಯಾಯವಾದ ಉತ್ತರವಿಲ್ಲ. ವಸಾಹತುಶಾಹಿಯ ನೆನಪುಳ್ಳ ಏಷ್ಯಾದ ಜನಕ್ಕೆ ಹೊರಗಿನವರ ಉಪದೇಶ ಕಿವಿಗೆ ಕಹಿಯಾಗುವುದು ಸಹಜ. ಆದರೆ ಈ ವಾದವನ್ನು ಯಾರು ಮುಂದಿಡುತ್ತಾರೆಂಬುದನ್ನು ನೋಡಬೇಕು. ಮಗನನ್ನು ಕಳೆದುಕೊಂಡ ಮುಳ್ಳಿವಾಯ್ಕಾಲಿನ ತಾಯಿ ಸಾರ್ವಭೌಮತ್ವದ ಮಾತಾಡಿದ್ದನ್ನು ನಾವು ಎಲ್ಲೂ ಓದಿಲ್ಲ. ಬಲಾಢ್ಯರು ತಪ್ಪಿಸಿಕೊಂಡರೆಂಬುದು ಅವರನ್ನೂ ಕರೆತರಬೇಕೆನ್ನುವುದಕ್ಕೆ ಕಾರಣ. ಈ ತಾಯಿಯನ್ನು ಬಾಗಿಲಲ್ಲೇ ನಿಲ್ಲಿಸಲು ಅದು ಕಾರಣವಾಗದು.

ಧರ್ಮಸಭೆಯೊಳಗಿನ ಮಾತು ಇದಕ್ಕಿಂತ ಕಠಿಣ. ಮನ್ನಾರಿನ ಧರ್ಮಾಧ್ಯಕ್ಷ ರಾಯಪ್ಪು ಜೋಸೆಫ್ ಅವರು 2011ರ ಜನವರಿಯಲ್ಲಿ ಸರ್ಕಾರದ ಇನ್ನೊಂದು ಆಯೋಗದ ಮುಂದೆ ನಿಂತು, ಸರ್ಕಾರಿ ದಾಖಲೆಗಳ ಅಂಕಿಗಳನ್ನೇ ಕಳೆದು ಕೂಡಿ, 1,46,679 ಮಂದಿಯ ಲೆಕ್ಕ ಸಿಗುತ್ತಿಲ್ಲವೆಂದರು. ಅವರು ಸಂಖ್ಯೆಯನ್ನು ತೀರ್ಪಾಗಿ ಮುಂದಿಡಲಿಲ್ಲ. ಈ ಜನರಿಗೆ ಏನಾಯಿತೆಂದು ಕೇಳಿದರು. 2009ರ ಮೇ 18ರಂದು ಶರಣಾಗತರ ಜೊತೆ ಸೇನೆಯ ವಶಕ್ಕೆ ಹೋಗಿ ಮರಳದ ವೃದ್ಧ ಗುರು ಫ್ರಾನ್ಸಿಸ್ ಜೋಸೆಫ್ ಅವರೂ ಹೀಗೆ ಲೆಕ್ಕ ಸಿಗದವರಲ್ಲೊಬ್ಬರು. 2012ರಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿಯ ಮುಂದೆ ನಿರ್ಣಯ ಬಂದಾಗ ಮನ್ನಾರಿನ ಧರ್ಮಾಧ್ಯಕ್ಷರೂ ಉತ್ತರದ ಗುರುಗಳೂ ಕ್ರಮವನ್ನು ಕೋರಿ ಪತ್ರ ಬರೆದರು. ಕೊಲಂಬೊದ ಮಹಾಧರ್ಮಾಧ್ಯಕ್ಷರು ಅದೇ ನಿರ್ಣಯವನ್ನು ಹೊರಗಿನವರ ಹಸ್ತಕ್ಷೇಪವೆಂದು ವಿರೋಧಿಸಿದರು. ಆಮೇಲೆ 2019ರ ಏಪ್ರಿಲ್ 21, ಪುನರುತ್ಥಾನದ ಭಾನುವಾರ. ಕೊಚ್ಚಿಕಡೆಯ ಸಂತ ಅಂತೋಣಿಯವರ ದೇವಾಲಯ, ಕಟುವಪಿಟಿಯದ ಸಂತ ಸೆಬಾಸ್ಟಿಯನ್ನರ ದೇವಾಲಯ, ಬಟ್ಟಿಕಲೋವಾದ ಸಿಯೋನ್ ದೇವಾಲಯ, ಕೊಲಂಬೊದ ಹೋಟೆಲುಗಳು. ಸತ್ತವರು 250ಕ್ಕೂ ಹೆಚ್ಚು. ಮತ್ತೆ ಒಂದು ರಾಷ್ಟ್ರಾಧ್ಯಕ್ಷರ ಆಯೋಗ, ಮತ್ತೆ ಒಂದು ವರದಿ, ಮತ್ತೆ ಅದೇ ನಿಧಾನ. 2022ರ ಮಾರ್ಚ್‌ನಲ್ಲಿ ಅದೇ ಮಹಾಧರ್ಮಾಧ್ಯಕ್ಷರು ಜಿನೀವಾದ ಅದೇ ಮಂಡಳಿಯ ಮುಂದೆ ನಿಂತು ಅಂತರರಾಷ್ಟ್ರೀಯ ನೆರವನ್ನು ಯಾಚಿಸಿದರು. ಇದನ್ನು ಚುಚ್ಚುಮಾತಾಗಿ ಬರೆಯುತ್ತಿಲ್ಲ. ತನ್ನ ಮಂದೆಯ ಶವಗಳನ್ನು ಎತ್ತಿದ ಕುರುಬ ಹೊರಗಿನವರ ಪ್ರಶ್ನೆಯ ಬೆಲೆಯನ್ನು ಅರಿತುಕೊಂಡರು. ಅದನ್ನು ಲೋಕದೆದುರು ಒಪ್ಪಿಕೊಳ್ಳಲು ಅಂಜಲಿಲ್ಲ. ಆದರೆ ಮನ್ನಾರಿನ ಕೂಗು ಅದಕ್ಕೆ ಹತ್ತು ವರ್ಷ ಮೊದಲೇ ಅದೇ ಧರ್ಮಸಭೆಯೊಳಗಿಂದ ಎದ್ದಿತ್ತು.

ಹಾಗಾದರೆ ಸಲಹೆಯನ್ನು ಅಳೆಯುವ ಕೋಲು ಯಾವುದು? ಪವಿತ್ರಾತ್ಮರ ಏಳು ವರಗಳಲ್ಲಿ ‘ಆಲೋಚನೆ’ಯ ವರವನ್ನು ಚರ್ಚಿಸುವಾಗ ಸಂತ ತೋಮಸ್ ಅಕ್ವಿನಾಸ್, ಸಂತ ಆಗುಸ್ತೀನರನ್ನು ಅನುಸರಿಸಿ, ಅದನ್ನು ಅಷ್ಟಭಾಗ್ಯಗಳಲ್ಲಿ ದಯಾವಂತರ ಭಾಗ್ಯಕ್ಕೆ ಜೋಡಿಸುತ್ತಾರೆ. ಮೊದಲ ಓದಿಗೆ ಇದು ವಿಚಿತ್ರವೆನಿಸುತ್ತದೆ. ಆಲೋಚನೆಯನ್ನು ಜಾಣ್ಮೆಗೆ, ವಿವೇಕಕ್ಕೆ ಜೋಡಿಸುವುದು ಸಹಜವಲ್ಲವೇ? ಸಂಕಟದಲ್ಲಿರುವವನನ್ನು ಬಿಡಿಸುವುದೇ ಆಲೋಚನೆಯ ಗುರಿಯೆಂದು ಅವರು ಕಂಡಿದ್ದರು. ಈ ಕೋಲನ್ನು ಹಿಡಿದು ನೋಡಿದರೆ, ಸಲಹೆಗಾರನನ್ನು ನೇಮಿಸಿದವನು ಯಾರೇ ಇರಲಿ, ಅವನು ಋಣಿಯಾಗಿರುವುದು ನೊಂದವನಿಗೆ. ಅರಸನ ಕಿವಿ ಅವನು ನಡೆಯುವ ದಾರಿ ಮಾತ್ರ. ಆ ದಾರಿ ಮುಚ್ಚಿದರೆ ಬೇರೆ ದಾರಿ ಹುಡುಕಬೇಕು, 2008ರ ತಂಡ ಹುಡುಕಿದಂತೆ.

ನಮ್ಮ ಮನೆಯ ಸಂಗತಿಯನ್ನೂ ಇದೇ ಕೋಲಿನಿಂದ ಅಳೆಯದೆ ವಿಧಿಯಿಲ್ಲ. ಅಪ್ರಾಪ್ತರ ರಕ್ಷಣೆಗಾಗಿ ಜಗದ್ಗುರು ಫ್ರಾನ್ಸಿಸರು 2014ರಲ್ಲಿ ಸ್ಥಾಪಿಸಿದ ಆಯೋಗವೂ ಅಂತರರಾಷ್ಟ್ರೀಯ ಸಲಹಾ ಮಂಡಳಿಯೇ. ಅಲ್ಲಿ ನೊಂದವರನ್ನೇ ಸದಸ್ಯರಾಗಿ ಕೂರಿಸಿದ್ದು ದೊಡ್ಡ ಹೆಜ್ಜೆ; ಕೊಲಂಬೊದ ಯಾವ ಮಂಡಳಿಯೂ ಅದನ್ನು ಮಾಡಲಿಲ್ಲ. ಆದರೆ ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾಗಿದ್ದ ಐರ್ಲೆಂಡಿನ ಮೇರಿ ಕಾಲಿನ್ಸ್ 2017ರಲ್ಲಿ, ರೋಮಿನ ಕಚೇರಿಗಳು ಸಹಕರಿಸುತ್ತಿಲ್ಲವೆಂದು ಹೇಳಿ ಹೊರನಡೆದರು. 2023ರಲ್ಲಿ ಯೇಸುಸಭೆಯ ಗುರು ಹಾನ್ಸ್ ಝೋಲ್ನರ್, ಹೊಣೆಗಾರಿಕೆ ಪಾರದರ್ಶಕತೆಗಳ ಬಗ್ಗೆ ಆತಂಕ ವ್ಯಕ್ತಪಡಿಸಿ ರಾಜೀನಾಮೆಯಿತ್ತರು. ಈ ನಿರ್ಗಮನದ ಮಾತುಗಳನ್ನೂ ಭಗವತಿಯವರ ತಂಡದ ಹೇಳಿಕೆಯ ಪಕ್ಕದಲ್ಲಿಟ್ಟು ಓದುವಂತೆ ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇವೆ.

ಯೆಹೋಷಾಫಾಟನ ಕಥೆಗೆ ಪೂರ್ವಕಾಲವೃತ್ತಾಂತ ಎರಡನೆಯ ಗ್ರಂಥದಲ್ಲಿ ಒಂದು ಉತ್ತರಭಾಗವಿದೆ. ಯುದ್ಧದಲ್ಲಿ ಅಹಾಬ ಸಾಯುತ್ತಾನೆ. ಇವನು ಹೇಗೋ ಬದುಕಿ ಜೆರುಸಲೇಮಿಗೆ ಮರಳುತ್ತಾನೆ. ಬಾಗಿಲಲ್ಲೇ ಹನಾನಿಯ ಮಗ ಯೇಹು ಎಂಬ ಪ್ರವಾದಿ ಎದುರಾಗಿ ಗದರಿಸುತ್ತಾನೆ. ಅದಾದ ಮೇಲೆ ಯೆಹೋಷಾಫಾಟ ಮಾಡಿದ ಕೆಲಸ, ತನ್ನ ನಾಡಿನ ಊರೂರಿಗೆ ನ್ಯಾಯಾಧೀಶರನ್ನು ನೇಮಿಸಿ, ಮುಖ ನೋಡಬೇಡಿ, ಲಂಚ ಮುಟ್ಟಬೇಡಿ ಎಂದು ಆಜ್ಞಾಪಿಸಿದ್ದು. ಮೀಕಾಯೆಹು ಸೆರೆಯಿಂದ ಹೊರಬಂದನೇ ಎಂಬುದನ್ನು ಎರಡು ಗ್ರಂಥಗಳೂ ಹೇಳುವುದಿಲ್ಲ. ಅಲ್ಲೈಪಿಟ್ಟಿಯ ಗುರುಗಳು ಏನಾದರೆಂದು ಯಾವ ಆಯೋಗವೂ ಇನ್ನೂ ಹೇಳಿಲ್ಲ.

ಕಳೆದ ವರ್ಷ ಧರ್ಮಸಭಾ ಕಾನೂನು ಸಂಹಿತೆಯ 127ನೆಯ ನಿಯಮವನ್ನು ತರಗತಿಯಲ್ಲಿ ಕಲಿಸುತ್ತಿದ್ದೆವು. ಸಲಹೆ ಕೇಳಲೇಬೇಕೆಂದು ಕಾನೂನು ವಿಧಿಸಿದಲ್ಲಿ ಮೇಲಧಿಕಾರಿ ಕೇಳದೆ ಮಾಡಿದ ಕಾರ್ಯ ಅಸಿಂಧು. ಕೇಳಿದ ಮೇಲೆ ಪಾಲಿಸಲೇಬೇಕೆಂಬ ಕಟ್ಟಳೆಯಿಲ್ಲ, ಆದರೂ ಎಲ್ಲರೂ ಒಮ್ಮತದಿಂದ ಕೊಟ್ಟ ಸಲಹೆಯನ್ನು ಪ್ರಬಲ ಕಾರಣವಿಲ್ಲದೆ ಮೀರಬಾರದು. ಹಿಂದಿನ ಸಾಲಿನ ಅಭ್ಯರ್ಥಿಯೊಬ್ಬ ಎದ್ದು ನಿಂತು, ಹಾಗೆ ಮೀರಿದರೆ ಸಲಹೆಗಾರ ಯಾರ ಬಳಿ ಹೋಗಿ ಹೇಳಬೇಕೆಂದು ಕೇಳಿದ. ಪುಟ ತಿರುವಿ, 212ನೆಯ ನಿಯಮದ ಮೂರನೆಯ ಪರಿಚ್ಛೇದವನ್ನು ಗಟ್ಟಿಯಾಗಿ ಓದೆಂದೆವು. ವಿಶ್ವಾಸಿಗಳು ತಮ್ಮ ಅಭಿಪ್ರಾಯವನ್ನು ಪಾಲಕರಿಗೂ ಇತರ ವಿಶ್ವಾಸಿಗಳಿಗೂ ತಿಳಿಸುವ ಹಕ್ಕುಳ್ಳವರು, ಕೆಲವೊಮ್ಮೆ ಅದು ಅವರ ಕರ್ತವ್ಯವೂ ಹೌದು ಎಂಬುದು ಅದರ ಸಾರ. ಓದಿ ಮುಗಿಸಿ, ‘ಕೆಲವೊಮ್ಮೆ’ ಎಂದರೆ ಯಾವಾಗ ಎಂದು ಅವನು ಕೇಳಿದ. ಗಂಟೆ ಹೊಡೆಯಿತು, ಮುಂದಿನ ತರಗತಿಯನ್ನು ಅಲ್ಲಿಂದಲೇ ಆರಂಭಿಸಿದೆವು, ಉದಲಾಗಮ ಆಯೋಗದ ಆ 16 ಪ್ರಕರಣಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು.